ಮರದ ಬಟ್ಟಲಿಗೆ ಹಾಕಿದ ಹೊಲಿಗೆ

ಸೀರೆ ಹರಿದರೆ ಹೊಲಿಯುತ್ತೇವೆ. ಮರದ ಬಟ್ಟಲು ಬಿರಿದರೆ? ಒಂದು ಕಾಲದಲ್ಲಿ ಅದನ್ನೂ ಹೊಲಿಯುತ್ತಿದ್ದರೆಂದು ನನಗೆ ತಿಳಿದದ್ದು ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಉತ್ಖನನದ ವಿಷಯ ಓದುತ್ತಿದ್ದಾಗ.

ಅಲ್ಲಿ ಕಾಪರ್‌ಗೇಟ್ ಎಂಬ ಬೀದಿಯಿದೆ. ಹೆಸರು ಕೇಳಿ ತಾಮ್ರದ ಬಾಗಿಲು ಎಂದುಕೊಳ್ಳಬೇಡಿ. ವೈಕಿಂಗರ ಮಾತಿನಲ್ಲಿ ಅದಕ್ಕೆ ಬಟ್ಟಲು ಮಾಡುವವರ ಬೀದಿ ಎಂದರ್ಥ, ನಮ್ಮ ಕುಂಬಾರಗೇರಿ ಇದ್ದ ಹಾಗೆ. 1976ರಿಂದ 1981ರವರೆಗೆ ಅಲ್ಲಿ ಅಗೆದಾಗ 10ನೇ ಶತಮಾನದ ಮನೆಗಳು ಸಿಕ್ಕವು. ಗಾಳಿಯಾಡದ ಹಸಿ ಮಣ್ಣಿನಲ್ಲಿ ಮರದ ಸಾಮಾನು ಕೊಳೆಯದೆ ಉಳಿದಿತ್ತು. ಕಡೆದ ಬಟ್ಟಲುಗಳೂ ಇದ್ದವು, ಬಟ್ಟಲಿನ ಹೊಟ್ಟೆಯಿಂದ ಕೊರೆದು ತೆಗೆದ ಮರದ ತುಂಡುಗಳೂ ಇದ್ದವು.

ನಮ್ಮ ಭಾಷೆಯಲ್ಲಿ ಮಜ್ಜಿಗೆಗೂ ಮರಕ್ಕೂ ‘ಕಡೆಯುವುದು’ ಎಂಬ ಒಂದೇ ಮಾತು. ಅದು ಎಷ್ಟು ಸರಿ ನೋಡಿ. ಆ ಕಾಲದ ಯಂತ್ರದಲ್ಲಿ ಮೇಲೆ ಬಾಗುವ ಗಳು, ಕೆಳಗೆ ಕಾಲಿನಲ್ಲಿ ತುಳಿಯುವ ಹಲಗೆ, ನಡುವೆ ಹಗ್ಗ. ತುಳಿದರೆ ಒಂದು ಸುತ್ತು, ಬಿಟ್ಟರೆ ವಾಪಸು, ಥೇಟು ಕಡೆಗೋಲು! ಉಳಿ ಮರವನ್ನು ಕೊರೆಯುವುದು ತುಳಿದಾಗ ಮಾತ್ರ.

ಹಸಿ ಮರವಾದರೆ ಕಡೆಯಲು ಸುಲಭ. ಆಮೇಲೆ ಅದು ಒಣಗಬೇಕಲ್ಲ! ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಹೆಚ್ಚು. ಅದರಲ್ಲೂ ಬೆಳವಣಿಗೆಯ ಉಂಗುರಗಳ ಸುತ್ತ ಕುಗ್ಗುವುದು ತಿರುಳಿನ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಗುಂಡಗಿದ್ದ ಬಟ್ಟಲು ಕೋಳಿಮೊಟ್ಟೆಯಂತೆ ಉದ್ದುದ್ದವಾಗುತ್ತದೆ. ಬಿಸಿ ಗಂಜಿ, ತೊಳೆಯುವ ನೀರು, ಒಲೆಯ ಕಾವು ಇವೆಲ್ಲ ದಿನವೂ ಸೇರಿದರೆ ಒಂದು ದಿನ ಅಂಚಿನಲ್ಲಿ ಬಿರುಕು.

ಆ ಕಾಲದ ಕೆಲವು ಬಟ್ಟಲುಗಳಲ್ಲಿ ಬಿರುಕಿನ ಎರಡು ಬದಿಗೂ ತೂತು ಕೊರೆದು ಲೋಹದ ತಂತಿ ಪೋಣಿಸಿ ಬಿಗಿದಿದ್ದಾರೆ, ಕೆಲವಕ್ಕೆ ಸಣ್ಣ ತಗಡಿನ ಪಟ್ಟಿ ಬಡಿದಿದ್ದಾರೆ. ನಾವು ಗೋಣಿಚೀಲದ ಬಾಯಿ ಹೊಲಿದ ಹಾಗೆ. ಇದರಲ್ಲೊಂದು ಜಾಣತನವಿದೆ. ಗಟ್ಟಿಯಾಗಿ ಕೂರುವ ಮೇಣವನ್ನು ಬಿರುಕಿಗೆ ತುಂಬಿದರೆ, ಮರ ಮತ್ತೆ ಹಿಗ್ಗಿ ಕುಗ್ಗಿದಾಗ ಅದರ ಪಕ್ಕದಲ್ಲೇ ಬಿಡಬಹುದು. ಹೊಲಿಗೆಯಾದರೋ ಮರಕ್ಕೆ ಸ್ವಲ್ಪ ಉಸಿರಾಡಲು ಬಿಡುತ್ತದೆ.

ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಬಟ್ಟಲು ಅಗ್ಗ, ಲೋಹ ದುಬಾರಿ. ಹಾಗಿದ್ದೂ ಯಾರೋ ಕೂತು ಹೊಲಿದರಲ್ಲ, ಯಾಕೆ? ಕೈಗೆ ಒಗ್ಗಿದ ಬಟ್ಟಲು ಎಂದಿರಬೇಕು. ತವರಿನಿಂದ ಬಂದದ್ದೋ ಏನೋ. ವಿದ್ವಾಂಸರು ಇದನ್ನು ಒಪ್ಪದಿರಬಹುದು, ಅಡಿಗೆಮನೆಯಲ್ಲಿ ನಲವತ್ತು ವರ್ಷ ಕಳೆದವರು ಒಪ್ಪುತ್ತಾರೆ.

ನಮ್ಮ ಅತ್ತೆಯ ಬಳಿ ಚನ್ನಪಟ್ಟಣದ ಕುಂಕುಮದ ಭರಣಿಯಿತ್ತು. ಅದೂ ಕಡೆದದ್ದೇ, ಆಲೆ ಮರದ್ದು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಅದು ಬಿರಿದಾಗ ಅತ್ತೆ ಅಕ್ಕಸಾಲಿಯಿಂದ ಚೂರು ಅರಗು ತಂದು, ದೀಪದಲ್ಲಿ ಕಾಯಿಸಿ, ಬಿರುಕಿಗೆ ತೊಟ್ಟಿಕ್ಕಿದರು. ಬೇಸಿಗೆಯಲ್ಲಿ ಅದರ ಪಕ್ಕ ಕೂದಲೆಳೆಯಷ್ಟು ಸಂದು ಕಾಣುತ್ತಿತ್ತು. ಮಳೆ ಹಿಡಿದರೆ ಮುಚ್ಚಿಕೊಳ್ಳುತ್ತಿತ್ತು. “ಅದಕ್ಕೂ ಸೆಖೆಯಾಗುತ್ತಮ್ಮ” ಎನ್ನುತ್ತಿದ್ದರು.

ಇಂಗ್ಲೆಂಡಿನ ಶ್ರೀಮಂತರ ಕಥೆ ಬೇರೆ. ಮೇಪಲ್ ಮರದ ಗಂಟಿನಿಂದ ಕಡೆದ ‘ಮೇಜರ್’ ಎಂಬ ಬಟ್ಟಲಿಗೆ ಅವರು ಬೆಳ್ಳಿಯ ಅಂಚು ಕಟ್ಟಿಸುತ್ತಿದ್ದರು. ಬಿರಿದರೆ ಅದಕ್ಕೂ ಬೆಳ್ಳಿಯದೇ ಪಟ್ಟಿ. ಇಂಥವು ಮಠಗಳಿಗೂ ಬಡವರ ಆಶ್ರಮಗಳಿಗೂ ದಾನವಾಗಿ ಬಂದು ಶತಮಾನಗಳ ಕಾಲ ಉಳಿದವು. ದಿನಚರಿಗೆ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ 1660ರ ಫೆಬ್ರವರಿಯಲ್ಲಿ ಸ್ಯಾಫ್ರನ್ ವಾಲ್ಡನ್ ಊರಿನ ಬಡವರ ಆಶ್ರಮಕ್ಕೆ ಹೋದಾಗ ಅವನಿಗೆ ಕುಡಿಯಲು ಕೊಟ್ಟದ್ದು ಅಂಥದೇ ಬಟ್ಟಲಿನಲ್ಲಿ. ಬೆಳ್ಳಿಯ ಅಂಚನ್ನು ಅವನು ಬರೆದಿಟ್ಟ, ತಳದಲ್ಲಿ ಬೆಳ್ಳಿಯಲ್ಲಿ ಮಾಡಿದ್ದ ಮಾತೆ ಮೇರಿ ಮತ್ತು ಮಗುವಿನ ಚಿತ್ರವನ್ನೂ ಬರೆದಿಟ್ಟ. ಆ ಬಟ್ಟಲನ್ನು ನೂರೈವತ್ತು ವರ್ಷ ತೊಳೆದು, ಒರೆಸಿ, ಒಲೆಯಿಂದ ದೂರ ಎತ್ತಿಟ್ಟವರು ಯಾರೆಂದು ಅವನು ಕೇಳಲಿಲ್ಲ.