ಸೊಪ್ಪು, ಸಂಬಾರ ಮತ್ತು ವರ್ಣತಂತು: ರಕ್ಷಣೆಯ ಕಾರಣ ಕುರಿತ ಒಂದು ಮರುಪರಿಶೀಲನೆ

ತುಳಸಿ, ಕರಿಬೇವು, ಪುದೀನ, ಶುಂಠಿ, ಅರಿಶಿನ ಮೊದಲಾದವುಗಳ ಸಾರವು ಪ್ರಯೋಗಾಲಯದ ಬ್ಯಾಕ್ಟೀರಿಯಾ ಮತ್ತು ಪ್ರಾಣಿಗಳಲ್ಲಿ ಡಿಎನ್‌ಎ ಹಾಗೂ ವರ್ಣತಂತುಗಳ ಹಾನಿಯನ್ನು ತಗ್ಗಿಸುತ್ತದೆ ಎಂಬುದರ ಬಗ್ಗೆ ಈಗ ಹೆಚ್ಚಿನ ತಕರಾರಿಲ್ಲ. 1970ರ ದಶಕದಲ್ಲಿ ಬ್ರೂಸ್ ಏಮ್ಸ್ ರೂಪಿಸಿದ ಸಾಲ್ಮೊನೆಲ್ಲಾ ಪರೀಕ್ಷೆ, ಅಸ್ಥಿಮಜ್ಜೆಯ ಸೂಕ್ಷ್ಮಕೇಂದ್ರಕಗಳ ಎಣಿಕೆ, ಡಿಎನ್‌ಎ ತುಂಡುಗಳನ್ನು ಅಳೆಯುವ ಕಾಮೆಟ್ ಪರೀಕ್ಷೆ ಈ ಮೂರೂ ಬಗೆಯಲ್ಲಿ ಪುರಾವೆಗಳಿವೆ. ಆದರೆ ಈ ರಕ್ಷಣೆ ಹೇಗೆ ಒದಗುತ್ತದೆ ಎಂಬ ಪ್ರಶ್ನೆಗೆ ಬಹುತೇಕ ಎಲ್ಲರೂ ಕೊಡುವುದು ಒಂದೇ ಉತ್ತರ: ಇವು ಉತ್ಕರ್ಷಣ ನಿರೋಧಕಗಳು, ಹಾನಿಕಾರಕ ಮುಕ್ತ ರ್‍ಯಾಡಿಕಲ್‌ಗಳನ್ನು ತಣಿಸುತ್ತವೆ. ಈ ಉತ್ತರ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಈ ವಿವರಣೆಗೆ ನಮ್ಮಲ್ಲಿ ಗಟ್ಟಿ ಬುನಾದಿ ಹಾಕಿದ್ದು ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವಿಕಿರಣ ಜೀವಶಾಸ್ತ್ರ ವಿಭಾಗ. ಅಲ್ಲಿ ಪಿ. ಉಮಾದೇವಿ ಮತ್ತು ಸಂಗಡಿಗರು 1990ರ ದಶಕದಲ್ಲಿ ತುಳಸಿ ಎಲೆಯಿಂದ ಓರಿಯೆಂಟಿನ್ ಮತ್ತು ವೈಸೆನಿನ್ ಎಂಬ ಎರಡು ಫ್ಲೇವೊನಾಯ್ಡ್‌ಗಳನ್ನು ಬೇರ್ಪಡಿಸಿ, ಗಾಮಾ ವಿಕಿರಣಕ್ಕೆ ಒಡ್ಡುವ ಮುನ್ನ ಇಲಿಗಳ ಉದರಕ್ಕೆ ಚುಚ್ಚಿದರು. ಪ್ರತಿ ಕಿಲೋಗ್ರಾಂ ದೇಹತೂಕಕ್ಕೆ ಕೇವಲ 50 ಮೈಕ್ರೊಗ್ರಾಂ ಕೊಟ್ಟಾಗಲೇ ಹೆಚ್ಚು ಪ್ರಾಣಿಗಳು ಬದುಕುಳಿದವು. ಈ ಫ್ಲೇವೊನಾಯ್ಡ್‌ಗಳು ಪ್ರನಾಳದಲ್ಲಿ ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗಳನ್ನು ತಣಿಸುತ್ತವೆ ಎಂದೂ ಅವರು ತೋರಿಸಿದರು. ಎರಡನ್ನೂ ಜೋಡಿಸಿ, ಜೀವಂತ ದೇಹದಲ್ಲೂ ನಡೆಯುವುದು ಇದೇ ಎಂಬ ತೀರ್ಮಾನಕ್ಕೆ ಬರುವುದು ಸಹಜವಾಗಿತ್ತು. ಪ್ರಯೋಗದ ಫಲಿತಾಂಶವನ್ನು ನಾನು ಪ್ರಶ್ನಿಸುತ್ತಿಲ್ಲ. ಆ ಜೋಡಣೆಯ ಬಗ್ಗೆ ಮಾತ್ರ ನನಗೆ ಮೂರು ಆಕ್ಷೇಪಗಳಿವೆ.

ಮೊದಲನೆಯದು ಪ್ರಮಾಣದ್ದು. ಓರಿಯೆಂಟಿನ್‌ನ ಅಣುತೂಕ ಸುಮಾರು 448, ವೈಸೆನಿನ್‌ನದು ಸುಮಾರು 594. ಕಿಲೋಗೆ 50 ಮೈಕ್ರೊಗ್ರಾಂ ಎಂದರೆ, ಅದು ದೇಹವಿಡೀ ಸಮನಾಗಿ ಹರಡಿತೆಂದು ಭಾವಿಸಿದರೆ, ಹೆಚ್ಚುಕಡಿಮೆ 0.1 ಮೈಕ್ರೊಮೋಲಾರ್ ಸಾಂದ್ರತೆ. ಜೀವಕೋಶದೊಳಗಿನ ಸಹಜ ಉತ್ಕರ್ಷಣ ನಿರೋಧಕವಾದ ಗ್ಲುಟಾಥಯೋನ್ ಮಾತ್ರವೇ 1ರಿಂದ 10 ಮಿಲಿಮೋಲಾರ್ ಇರುತ್ತದೆ, ಅಂದರೆ ಕನಿಷ್ಠ ಹತ್ತು ಸಾವಿರ ಪಟ್ಟು ಹೆಚ್ಚು. ಹೈಡ್ರಾಕ್ಸಿಲ್ ರ್‍ಯಾಡಿಕಲ್ ಎದುರಾದ ಯಾವ ಅಣುವನ್ನೂ ಬಿಡದು. ಹುಟ್ಟಿದ ಜಾಗದಿಂದ ಕೆಲವೇ ನ್ಯಾನೊಮೀಟರ್ ಸಾಗುವಷ್ಟರಲ್ಲಿ ಅದರ ಆಯುಸ್ಸು ಮುಗಿಯುತ್ತದೆ. ಗ್ಲುಟಾಥಯೋನ್, ಪ್ರೋಟೀನು, ಸಕ್ಕರೆಗಳ ಇಂಥ ಸಂತೆಯಲ್ಲಿ ಹತ್ತು ಸಾವಿರಕ್ಕೊಂದರಂತೆ ಇರುವ ಅಣು ರ್‍ಯಾಡಿಕಲ್‌ಗಳನ್ನು ಮೊದಲು ಹಿಡಿಯುತ್ತದೆ ಎನ್ನುವುದು ಕಷ್ಟ. ಫ್ಲೇವೊನಾಯ್ಡ್ ಕೋಶಕೇಂದ್ರದಲ್ಲಿ ನೂರು ಪಟ್ಟು ಶೇಖರವಾಗುತ್ತದೆ ಎಂದು ಒಪ್ಪಿದರೂ ಅದು ಗ್ಲುಟಾಥಯೋನ್‌ನ ನೂರನೇ ಒಂದು ಪಾಲನ್ನು ದಾಟುವುದಿಲ್ಲ.

ಎರಡನೆಯದು ರ್‍ಯಾಡಿಕಲ್‌ಗಳ ಮೂಲದ್ದು. ಪ್ರನಾಳದಲ್ಲಿ ರ್‍ಯಾಡಿಕಲ್‌ಗಳನ್ನು ಹುಟ್ಟಿಸಲು ಬಳಸಿದ ಫೆಂಟನ್ ಕ್ರಿಯೆಗೆ ಕಬ್ಬಿಣ ಬೇಕು. ಫ್ಲೇವೊನಾಯ್ಡ್ ಆ ಕಬ್ಬಿಣವನ್ನು ಬಂಧಿಸಿಟ್ಟರೂ ಫಲಿತಾಂಶ ರ್‍ಯಾಡಿಕಲ್ ತಣಿಸಿದಂತೆಯೇ ಕಾಣುತ್ತದೆ. ವಿಕಿರಣವಾದರೋ ನೀರಿನ ಅಣುವನ್ನು ನೇರವಾಗಿ ಸೀಳುತ್ತದೆ. ಅಲ್ಲಿ ಕಬ್ಬಿಣದ ಹಂಗಿಲ್ಲ. ಆದ್ದರಿಂದ ಪ್ರನಾಳದಲ್ಲಿ ಕಂಡ ಸಾಮರ್ಥ್ಯ ವಿಕಿರಣದ ಸಂದರ್ಭಕ್ಕೆ ತಾನಾಗಿ ಸಲ್ಲುವುದಿಲ್ಲ.

ಮೂರನೆಯದು ರಚನೆಯದು, ನನ್ನ ಮಟ್ಟಿಗೆ ಹೆಚ್ಚು ತೂಕದ್ದು. ಓರಿಯೆಂಟಿನ್‌ನ ಬಿ-ಉಂಗುರದಲ್ಲಿ ಅಕ್ಕಪಕ್ಕದ ಎರಡು ಹೈಡ್ರಾಕ್ಸಿಲ್ ಗುಂಪುಗಳಿವೆ. ರ್‍ಯಾಡಿಕಲ್ ತಣಿಸುವ ಗುಣಕ್ಕೆ ಮುಖ್ಯವೆನ್ನಲಾಗುವ ಕ್ಯಾಟೆಕಾಲ್ ವಿನ್ಯಾಸ ಇದೇ. ವೈಸೆನಿನ್‌ನ ಅದೇ ಉಂಗುರದಲ್ಲಿ ಹೈಡ್ರಾಕ್ಸಿಲ್ ಗುಂಪು ಒಂದೇ ಇದೆ. ತಣಿಸುವಿಕೆಯೇ ಕಾರಣವಾಗಿದ್ದರೆ ಓರಿಯೆಂಟಿನ್ ಸ್ಪಷ್ಟವಾಗಿ ಮುಂದಿರಬೇಕಿತ್ತು. ಇಲಿಗಳ ಉಳಿವಿನ ಲೆಕ್ಕದಲ್ಲಿ ಬಂದ ರಕ್ಷಣಾ ಗುಣಕಗಳು ಬೇರೆ ಕತೆ ಹೇಳುತ್ತವೆ: ಓರಿಯೆಂಟಿನ್‌ಗೆ 1.30, ವೈಸೆನಿನ್‌ಗೆ 1.37. ಈ ಅಂತರ ಸಣ್ಣದು, ಇದರಿಂದ ವೈಸೆನಿನ್ ಮೇಲೆಂದು ಸಾಧಿಸಲಾಗದು. ಆದರೆ ಓರಿಯೆಂಟಿನ್ ಮೇಲಲ್ಲ ಎಂಬುದಂತೂ ಕಾಣುತ್ತದೆ.

ಹಾಗಾದರೆ ಬೇರೆ ದಾರಿ ಯಾವುದು? ಉತ್ತರದ ಸುಳಿವು ಮಣಿಪಾಲದ ಪ್ರಯೋಗಗಳಿಗೂ ಮೊದಲೇ ಮುಂಬಯಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಿಂದ ಬಂದಿತ್ತು. 1987ರಲ್ಲಿ ನಾಗಭೂಷಣ್, ಅಮೋಣ್ಕರ್ ಮತ್ತು ಭಿಡೆ ಅರಿಶಿನದ ಕರ್ಕ್ಯುಮಿನ್ ಅನ್ನು ಏಮ್ಸ್ ಪರೀಕ್ಷೆಗೆ ಒಡ್ಡಿದರು. ಬೀಡಿ ಮತ್ತು ಸಿಗರೇಟಿನ ಹೊಗೆಸಾರ, ತಂಬಾಕು, ಬೆಂಜೊಪೈರೀನ್ ಇವುಗಳ ಉತ್ಪರಿವರ್ತಕ ಗುಣವನ್ನು ಕರ್ಕ್ಯುಮಿನ್ ಕುಗ್ಗಿಸಿತು. ಸೋಡಿಯಂ ಅಜೈಡ್, ಸ್ಟ್ರೆಪ್ಟೊಜೋಸಿನ್ ಮುಂತಾದವುಗಳ ಮುಂದೆ ಅದರ ಆಟ ನಡೆಯಲಿಲ್ಲ. ಮೊದಲ ಗುಂಪಿನ ಪರೀಕ್ಷೆಗಳಲ್ಲಿ ಇಲಿಯ ಯಕೃತ್ತಿನ ಕಿಣ್ವಗಳನ್ನು ಬೆರೆಸಲಾಗಿತ್ತು, ಎರಡನೆಯದರಲ್ಲಿ ಇರಲಿಲ್ಲ. ಬೆಂಜೊಪೈರೀನ್‌ನಂಥ ವಸ್ತುಗಳು ಕಿಣ್ವಗಳ ಕೈಗೆ ಸಿಕ್ಕ ಮೇಲೆಯೇ ವಿಷವಾಗುತ್ತವೆ. ಕರ್ಕ್ಯುಮಿನ್ ತಡೆದದ್ದು ಈ ಮಾರ್ಪಾಟನ್ನು ಎಂಬ ಸೂಚನೆ ಲೇಖಕರದೇ. ನಂತರದ ಉಲ್ಲೇಖಗಳಲ್ಲಿ ಆ ಸೂಚನೆ ಹಿಂದೆ ಸರಿದು, ‘ಉತ್ಪರಿವರ್ತನ ನಿರೋಧಕ’ ಎಂಬ ಬಿರುದು ಮಾತ್ರ ಉಳಿಯಿತು.

ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದ ಫರ್ಹತ್ ಖಾನಂ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಕರಿಬೇವಿನ ಅಧ್ಯಯನ ಇದೇ ದಿಕ್ಕಿಗೆ ಬೆರಳು ತೋರಿಸುತ್ತದೆ. ಇಲ್ಲಿ ಚುಚ್ಚುಮದ್ದಿಲ್ಲ. ಇಲಿಗಳು ಕರಿಬೇವನ್ನು ಆಹಾರದಲ್ಲೇ ತಿಂದವು, ಡೈಮೀಥೈಲ್ ಹೈಡ್ರಜೀನ್ ಪಡೆದ ಮೇಲೂ ಅವುಗಳ ಅಸ್ಥಿಮಜ್ಜೆಯಲ್ಲಿ ಸೂಕ್ಷ್ಮಕೇಂದ್ರಕಗಳು ಕಡಿಮೆ ಇದ್ದವು. ಈ ರಾಸಾಯನಿಕವೂ ದೇಹದ ಕಿಣ್ವಗಳಿಂದ ಹಂತಹಂತವಾಗಿ ಮಾರ್ಪಟ್ಟು, ಕೊನೆಗೆ ಡಿಎನ್‌ಎಗೆ ಮೀಥೈಲ್ ಗುಂಪನ್ನು ಅಂಟಿಸುವಂಥದ್ದು. ಅದರ ಮುಖ್ಯ ಹಾನಿ ರ್‍ಯಾಡಿಕಲ್‌ಗಳಿಂದಲ್ಲ.

ಇನ್ನಷ್ಟು ನೇರವಾದ ನಿದರ್ಶನ ಕಾಮಕಸ್ತೂರಿಯದು. ಅದರ ಎಣ್ಣೆಯಲ್ಲಿರುವ ಎಸ್ಟ್ರಗೋಲ್ ತಾನೇ ಡಿಎನ್‌ಎಗೆ ಹಾನಿ ಮಾಡಬಲ್ಲದು, ಅದೂ ಯಕೃತ್ತಿನ ಸಲ್ಫೊಟ್ರಾನ್ಸ್‌ಫರೇಸ್ ಕಿಣ್ವ ಅದನ್ನು ಮಾರ್ಪಡಿಸಿದ ಮೇಲೆ. ಅದೇ ಎಲೆಯ ನೆವಡೆನ್ಸಿನ್ ಎಂಬ ಫ್ಲೇವೊನಾಯ್ಡ್ ಆ ಕಿಣ್ವವನ್ನೇ ತಡೆಯುತ್ತದೆ ಎಂದು ನೆದರ್‌ಲೆಂಡ್ಸ್‌ನ ವಾಗನಿಂಗನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಹಾನಿ, ರಕ್ಷಣೆ ಎರಡೂ ಒಂದೇ ಎಲೆಯಲ್ಲಿವೆ, ಎರಡೂ ಒಂದೇ ಕಿಣ್ವದ ಮೂಲಕ ಸಾಗುತ್ತವೆ.

ಇವನ್ನೆಲ್ಲ ಒಟ್ಟಿಗಿಟ್ಟು ನಾನು ಮಂಡಿಸುವುದಿಷ್ಟು: ಊಟದ ಮೂಲಕ ದೊರೆಯುವ ಪ್ರಮಾಣದಲ್ಲಿ, ರಾಸಾಯನಿಕ ಉತ್ಪರಿವರ್ತಕಗಳ ವಿರುದ್ಧ ಸೊಪ್ಪು ಸಂಬಾರಗಳು ಕೊಡುವ ರಕ್ಷಣೆ ಬಹುಮಟ್ಟಿಗೆ ದೇಹದ ಕಿಣ್ವಗಳ ಮೂಲಕ ನಡೆಯುವಂಥದ್ದು, ರ್‍ಯಾಡಿಕಲ್‌ಗಳ ನೇರ ಶಮನದಿಂದಲ್ಲ.

ಈ ಮಾತಿಗೆ ಮಿತಿಗಳಿವೆ. ವಿಕಿರಣಕ್ಕೆ ಕಿಣ್ವಗಳ ನೆರವು ಬೇಕಿಲ್ಲವಾದ್ದರಿಂದ ತುಳಸಿಯ ಪ್ರಯೋಗವನ್ನು ನನ್ನ ವಿವರಣೆಯ ಈ ರೂಪ ಬಗೆಹರಿಸುವುದಿಲ್ಲ. ಡಿಎನ್‌ಎ ದುರಸ್ತಿ ಚುರುಕಾಗಿರಬಹುದು, ಅಥವಾ ಕೋಶವಿಭಜನೆ ತಡವಾಗಿ ಎಣಿಕೆಯ ಹೊತ್ತಿಗೆ ಹಾನಿಗೊಂಡ ಕೋಶಗಳು ಕಾಣದೇ ಹೋಗಿರಬಹುದು. ಡಿಎನ್‌ಎ ಮೇಲೆಯೇ ಮೂಡಿದ ರ್‍ಯಾಡಿಕಲ್‌ಗೆ ಫ್ಲೇವೊನಾಯ್ಡ್ ಎಲೆಕ್ಟ್ರಾನ್ ಕೊಟ್ಟು ಸರಿಪಡಿಸುವ ಸಾಧ್ಯತೆಯನ್ನೂ ತಳ್ಳಿಹಾಕಲಾಗದು. ಮುಂಬಯಿಯ ಪ್ರಯೋಗದಲ್ಲಿ ಕರ್ಕ್ಯುಮಿನ್ ಹೊಗೆಸಾರದ ಘಟಕಗಳಿಗೆ ನೇರವಾಗಿ ಅಂಟಿಕೊಂಡಿರಲೂಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 1992ರಲ್ಲಿ 16 ಧೂಮಪಾನಿಗಳಿಗೆ ದಿನಕ್ಕೆ 1.5 ಗ್ರಾಂ ಅರಿಶಿನವನ್ನು 30 ದಿನ ಕೊಟ್ಟಾಗ ಮೂತ್ರದಲ್ಲಿ ಉತ್ಪರಿವರ್ತಕಗಳು ಇಳಿದವು. ಮನುಷ್ಯರ ಮೇಲಿನ ಈ ಪುರಾವೆ ಅಮೂಲ್ಯವಾದರೂ ಮೂತ್ರದಲ್ಲಿ ಇಳಿದದ್ದು ದೇಹದಲ್ಲಿ ಹುಟ್ಟಲೇ ಇಲ್ಲವೋ, ಬೇರೆ ದಾರಿಯಲ್ಲಿ ಹೋಯಿತೋ ಎಂಬುದನ್ನು ಅದು ಹೇಳದು.

ಕಿಣ್ವಗಳ ಮೂಲಕ ಬರುವ ರಕ್ಷಣೆ ಎಲ್ಲ ಸಂದರ್ಭದಲ್ಲೂ ಶುಭವಲ್ಲ ಎಂಬುದನ್ನೂ ಸೇರಿಸಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಒಂದನ್ನೇ ನುಂಗಿದವರ ರಕ್ತದಲ್ಲಿ ಅದು ಸಿಕ್ಕಿದ್ದು ಅತ್ಯಲ್ಪ. ಮೆಣಸಿನ ಪೈಪರೀನ್ 20 ಮಿಲಿಗ್ರಾಂ ಸೇರಿಸಿದಾಗ ಜೈವಿಕ ಲಭ್ಯತೆ ಶೇ. 2000ದಷ್ಟು ಏರಿತು. ಪೈಪರೀನ್ ಇದನ್ನು ಸಾಧಿಸುವುದು ಅನ್ಯ ವಸ್ತುಗಳನ್ನು ಹೊರಹಾಕುವ ಕಿಣ್ವಗಳನ್ನು ಅಡ್ಡಗಟ್ಟಿ. ಹಾಗೆ ಒಳಗುಳಿಯುವುದು ಕರ್ಕ್ಯುಮಿನ್ ಮಾತ್ರವೇ ಆಗಿರಬೇಕಿಲ್ಲ, ಔಷಧಿಯೂ ವಿಷವೂ ಉಳಿಯಬಹುದು.

ಎರಡು ಪ್ರಯೋಗಗಳು ಈ ವಾದವನ್ನು ಗೆಲ್ಲಿಸಬಹುದು ಅಥವಾ ಸೋಲಿಸಬಹುದು. ಓರಿಯೆಂಟಿನ್ ಮತ್ತು ವೈಸೆನಿನ್‌ಗಳನ್ನು ವಿಕಿರಣಕ್ಕೆ ಮುನ್ನವೂ ನಂತರವೂ ಕೊಟ್ಟು ಹೋಲಿಸಬೇಕು. ನಂತರ ಕೊಟ್ಟಾಗಲೂ ವರ್ಣತಂತುಗಳು ಉಳಿದರೆ ರ್‍ಯಾಡಿಕಲ್ ಶಮನದ ವಾದ ಅಲ್ಲಿಗೆ ನಿಲ್ಲುತ್ತದೆ. ಹಾಗೆಯೇ ಕರಿಬೇವನ್ನು ಊಟದಲ್ಲಿ ಕೊಟ್ಟು, ಕಿಣ್ವಗಳಿಂದ ಮಾರ್ಪಡಬೇಕಾದ ಒಂದು ಉತ್ಪರಿವರ್ತಕ ಮತ್ತು ನೇರವಾಗಿ ಹಾನಿ ಮಾಡುವ ಇನ್ನೊಂದನ್ನು ಒಂದೇ ತಳಿಯ ಇಲಿಗಳಲ್ಲಿ ಪರೀಕ್ಷಿಸಬೇಕು. ಎರಡರ ವಿರುದ್ಧವೂ ಸಮನಾದ ರಕ್ಷಣೆ ಕಂಡರೆ ನನ್ನ ವಾದವೇ ಬೀಳುತ್ತದೆ. ಈ ಫಲಿತಾಂಶಗಳು ಬರುವವರೆಗೆ ಯಾವ ಸೊಪ್ಪಿಗೂ ‘ಡಿಎನ್‌ಎ ರಕ್ಷಕ’ ಎಂಬ ಸಾಮಾನ್ಯ ಪಟ್ಟ ಸಲ್ಲದು. ಯಾವ ಸೊಪ್ಪು, ಯಾವ ವಿಷದ ವಿರುದ್ಧ, ಎಷ್ಟು ಪ್ರಮಾಣದಲ್ಲಿ ಎಂದು ಜೊತೆಗೇ ಹೇಳಬೇಕು.