ತಾಲ್ಲೂಕಿನ ಹೆಸರಿಗೆ ಬಿದ್ದ ಸೋಂಕು

2020ರ ಮೇ 10ರವರೆಗೆ ಶಿವಮೊಗ್ಗ ಜಿಲ್ಲೆಯ ಕೊರೊನಾ ಲೆಕ್ಕ ಸೊನ್ನೆ. ಅಂದು ಒಮ್ಮೆಗೇ ಎಂಟು. ಏಳು ಮಂದಿ ಶಿಕಾರಿಪುರದವರು, ಒಬ್ಬರು ತೀರ್ಥಹಳ್ಳಿಯವರು. ಅಂಕಿಯನ್ನಷ್ಟೇ ನೋಡಿದರೆ ಶಿಕಾರಿಪುರದಲ್ಲಿ ಸೋಂಕು ಎದ್ದಂತೆ ಕಾಣುತ್ತದೆ. ಆ ದಿನದ ವರದಿಯ ಪಕ್ಕದ ಕಲಂ ಬೇರೆಯದನ್ನೇ ಹೇಳುತ್ತದೆ: ಎಂಟೂ ಮಂದಿ ಅಹಮದಾಬಾದಿನಿಂದ ಮರಳಿದವರು. ವಿಳಾಸ ಶಿಕಾರಿಪುರದ್ದು, ಸೋಂಕು ಹೊರಗಿನದು.

ಹಾಗಾದರೆ ಸ್ಥಳೀಯವಾಗಿ ಸೋಂಕು ಏರಿತೆನ್ನಲು ಏನು ಆಧಾರ? ಈ ಪ್ರಶ್ನೆ ಹಿಡಿದು ಹಳೆಯ ಕಾಗದಗಳತ್ತ ಹೊರಟರೆ ದಾರಿ ನೆರೆಯ ಸೊರಬಕ್ಕೆ ಮುಟ್ಟುತ್ತದೆ. 1957ರಲ್ಲಿ ಆ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ತನಿಖೆಗಿಳಿದರು. ಮಂಗಗಳ ಸಾವಿನಿಂದಾಗಿ ಮೊದಲ ಅನುಮಾನ ಹೋದದ್ದು ಹಳದಿ ಜ್ವರದತ್ತ. ಸಿಕ್ಕಿದ್ದು ರಷ್ಯಾದ ಮಿದುಳು ಜ್ವರದ ವೈರಸ್ಸಿನ ಹತ್ತಿರದ ಬಂಧು, ಹರಡುತ್ತಿದ್ದದ್ದು ಉಣುಗು.

ಆ ತನಿಖೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಿಂದಿನ ವರ್ಷದ ಬಗೆಗಿನ ವಿಚಾರಣೆ. ಊರವರನ್ನು ಕೇಳುತ್ತ ಹೋದಾಗ ಇಂಥದೇ ಜ್ವರ 1956ರಲ್ಲೂ ಬಂದಿತ್ತೆಂದು ತಿಳಿಯಿತು. ಅಂದರೆ ದಾಖಲೆಯ ಮೊದಲ ತಾರೀಖು ರೋಗದ ಮೊದಲ ತಾರೀಖಲ್ಲ, ಯಾರೋ ಗಮನಿಸಿದ ತಾರೀಖು. ಇಲ್ಲಿ ಸೋಂಕು ತಗುಲಿದ್ದು ಊರಿನ ಕಾಡಿನಲ್ಲೇ ಎಂಬುದಕ್ಕೆ ಸತ್ತ ಮಂಗಗಳೇ ಸಾಕ್ಷಿ. ಇಂದಿಗೂ ಆರೋಗ್ಯ ಇಲಾಖೆ ಮಂಗನ ಸಾವನ್ನು ಮುನ್ಸೂಚನೆಯೆಂದೇ ಎಣಿಸುತ್ತದೆ.

1957ರಲ್ಲಿ 466 ಮಂದಿಗೆ ಕಾಯಿಲೆ, 1958ರಲ್ಲಿ 181 ಮಂದಿಗೆ. ಈ ಎರಡನ್ನೇ ನೋಡಿ ರೋಗ ಇಳಿಯಿತೆಂದು ಬರೆದಿದ್ದರೆ ತಪ್ಪಾಗುತ್ತಿತ್ತು. ಮಂಗನ ಕಾಯಿಲೆಯೆಂದು ಕರೆಯಲಾದ ಈ ಜ್ವರ ಮುಂದೆ ಮಲೆನಾಡಿನ ಇತರ ತಾಲ್ಲೂಕುಗಳಿಗೆ ಹಬ್ಬಿತು. 2012ರಿಂದೀಚೆಗೆ ಬಂಡೀಪುರ, ಕೇರಳ, ಗೋವಾ, ಮಹಾರಾಷ್ಟ್ರಗಳಲ್ಲೂ ಕಾಣಿಸಿತು. ಕ್ಯಾಸನೂರು ಕಾಡಿನ ಕಾಯಿಲೆ ಎಂಬ ಹೆಸರು ಮಾತ್ರ ಕ್ಯಾಸನೂರಿಗೇ ಅಂಟಿಕೊಂಡಿತು.

ತಾಲ್ಲೂಕುವಾರು ಅಂಕಿ ಪ್ರಕಟಿಸುವವರು ಅದರ ಜೊತೆಗೆ ಮೂರು ಸಂಗತಿ ಕೊಡಬೇಕು: ಎಷ್ಟು ಜನರನ್ನು ಪರೀಕ್ಷಿಸಲಾಯಿತು, ಸೋಂಕು ತಗುಲಿದ್ದು ಎಲ್ಲಿ, ಜ್ವರ ಶುರುವಾದದ್ದು ಯಾವಾಗ. ಈ ಮೂರಿಲ್ಲದ ಅಂಕಿಯನ್ನು ನಂಬಿ ಯಾವ ಊರಿನ ಮೇಲೂ ತೀರ್ಪು ಕೊಡಬೇಡಿ.