ರಾಜ್ಯಪಾಲರ ಬಾವುಟ

ರಾಜ್ಯಪಾಲರು ವಾಸವಿರುವ ಭವನದ ಮೇಲೂ ಅವರು ಸಂಚರಿಸುವ ಕಾರಿನ ಮೇಲೂ ಒಂದು ಬಾವುಟ ಹಾರುತ್ತದೆ. ಅದಕ್ಕೆ ಪ್ರತ್ಯೇಕ ವಿನ್ಯಾಸವೇನೂ ಇಲ್ಲ. ಶಾಲೆಯ ಅಂಗಳದಲ್ಲಿ ಏರುವ ತ್ರಿವರ್ಣ ಧ್ವಜವೇ ಇಲ್ಲಿಯೂ ಏರುತ್ತದೆ. ಪದವಿಯ ಗುರುತು ತಿಳಿಯುವುದು ಅದು ಎಲ್ಲಿ, ಯಾವಾಗ ಹಾರುತ್ತದೆ ಎಂಬುದರಿಂದ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ರಾಜಭವನದಿಂದ ಮೇಖ್ರಿ ವೃತ್ತ, ಹೆಬ್ಬಾಳ, ಯಲಹಂಕ ಹಾದುಹೋಗುವ ಬಳ್ಳಾರಿ ರಸ್ತೆಯೇ ಗಣ್ಯರ ವಾಹನಗಳ ಮುಖ್ಯ ಹಾದಿಯಾಗಿದೆ. ಉತ್ತರ ಬೆಂಗಳೂರಿನವರಿಗೆ ಈ ಪುಟ್ಟ ಬಾವುಟ ಪರಿಚಿತವಾಗಿರುವುದು ಹೀಗೆ.

ಹುದ್ದೆಗೊಂದು ಬಾವುಟವಿದ್ದ ಕಾಲ

ಬ್ರಿಟಿಷರ ಆಡಳಿತದಲ್ಲಿ ಬಾವುಟ ನೋಡಿಯೇ ಅಧಿಕಾರಿಯ ದರ್ಜೆ ಹೇಳಬಹುದಿತ್ತು. ವೈಸರಾಯ್ ಬಳಸುತ್ತಿದ್ದ ಯೂನಿಯನ್ ಜಾಕ್‌ನ ನಡುವೆ 'ಸ್ಟಾರ್ ಆಫ್ ಇಂಡಿಯಾ' ಲಾಂಛನವಿರುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಗಂಡಭೇರುಂಡ ರಾಜಲಾಂಛನವಾಗಿತ್ತು. ಬೆಂಗಳೂರಿನ ರಾಜಭವನವನ್ನು 1840ರ ದಶಕದ ಆರಂಭದಲ್ಲಿ ಕಟ್ಟಿಸಿದವರು ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್. 1881ರಲ್ಲಿ ರಾಜ್ಯಾಡಳಿತ ಒಡೆಯರಿಗೆ ಮರಳಿದ ಮೇಲೆ ಅದು ಬ್ರಿಟಿಷ್ ರೆಸಿಡೆಂಟರ ನಿವಾಸವಾಯಿತು.

ಯಾರ ಬಾವುಟ ಎಲ್ಲಿ ಹಾರಬೇಕೆಂಬ ಪ್ರಶ್ನೆ ಸಂಸ್ಥಾನದಲ್ಲಿ ಪ್ರಾಣಗಳನ್ನೂ ಬಲಿ ತೆಗೆದುಕೊಂಡಿದೆ. 1938ರ ಏಪ್ರಿಲ್‌ನಲ್ಲಿ ಮದ್ದೂರು ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಬಳಿಕ ಸಂಸ್ಥಾನದ ದಿವಾನರಿಗೂ ಕಾಂಗ್ರೆಸ್ಸಿಗೂ ನಡುವೆ ಆದ ಮಿರ್ಜಾ–ಪಟೇಲ್ ಒಪ್ಪಂದದಂತೆ ಸಮಾರಂಭಗಳಲ್ಲಿ ಸಂಸ್ಥಾನದ ಧ್ವಜದೊಂದಿಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅವಕಾಶವಾಯಿತು.

1950ರಿಂದ 1971ರವರೆಗೆ

ಗಣರಾಜ್ಯವಾದ ದಿನ, 1950ರ ಜನವರಿ 26ರಂದು, ರಾಷ್ಟ್ರಪತಿಯವರಿಗೆ ಪ್ರತ್ಯೇಕ ಧ್ವಜ ಬಂತು. ನೀಲಿ ಮತ್ತು ಕೆಂಪು ಬಣ್ಣದ ಅದರ ನಾಲ್ಕು ಚೌಕಗಳಲ್ಲಿ ಅಶೋಕನ ಸಿಂಹಗಳು, ಅಜಂತಾದ ಆನೆ, ದೆಹಲಿಯ ಕೆಂಪುಕೋಟೆಯ ತಕ್ಕಡಿ ಹಾಗೂ ಸಾರನಾಥದ ತಾವರೆಗಳ ಕುಂಭ ಇದ್ದವು. 1971ರ ಆಗಸ್ಟ್ 15ರಿಂದ ಅದನ್ನು ಕೈಬಿಟ್ಟು ರಾಷ್ಟ್ರಪತಿಯವರೂ ತ್ರಿವರ್ಣವನ್ನೇ ಬಳಸತೊಡಗಿದರು.

ಮೈಸೂರಿನಲ್ಲಿ ರಾಜ್ಯದ ಮುಖ್ಯಸ್ಥರ ಹುದ್ದೆಯೇ ಎರಡು ಸಲ ರೂಪ ಬದಲಿಸಿತು. ಮಹಾರಾಜರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ 1950ರಲ್ಲಿ ರಾಜಪ್ರಮುಖರಾದರು. 1956ರ ನವೆಂಬರ್ 1ರಂದು, ವಿಶಾಲ ಮೈಸೂರು ರಾಜ್ಯ ಉದಯವಾದಾಗ, ರಾಜ್ಯಪಾಲರಾದರು.

ರಾಜಭವನದ ಮೇಲೆ

ಈಗ ಎಲ್ಲಕ್ಕೂ ಆಧಾರ 2002ರ ಜನವರಿ 26ರಿಂದ ಜಾರಿಯಲ್ಲಿರುವ ಭಾರತದ ಧ್ವಜಸಂಹಿತೆ. ಅದರ ಪ್ರಕಾರ ರಾಜ್ಯಪಾಲರು ಕೇಂದ್ರಸ್ಥಾನದಲ್ಲಿ ಇದ್ದಾಗ ಅವರ ನಿವಾಸದ ಮೇಲೆ ಧ್ವಜ ಹಾರಬೇಕು. ಅವರು ಊರು ಬಿಟ್ಟ ಕೂಡಲೇ ಇಳಿಸಬೇಕು. ಮರಳಿ ಮುಖ್ಯದ್ವಾರ ಪ್ರವೇಶಿಸುವಾಗ ಮತ್ತೆ ಏರಿಸಬೇಕು. ಪ್ರವಾಸದಲ್ಲಿ ತಂಗುವ ಕಟ್ಟಡಕ್ಕೂ ಇದೇ ಕ್ರಮ. ಕಲಬುರಗಿಯಲ್ಲೋ ಮಂಗಳೂರಿನಲ್ಲೋ ಅವರು ಉಳಿದುಕೊಂಡರೆ ಬಾವುಟ ಅಲ್ಲಿ ಏರುತ್ತದೆ, ಹೊರಟಾಗ ಇಳಿಯುತ್ತದೆ.

ಇದಕ್ಕೆ ವಿನಾಯಿತಿಗಳೂ ಇವೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವ, ಗಾಂಧಿ ಜಯಂತಿ, ಜಲಿಯನ್‌ವಾಲಾ ಬಾಗ್ ಹುತಾತ್ಮರ ನೆನಪಿನ ಏಪ್ರಿಲ್ 6ರಿಂದ 13ರವರೆಗಿನ ರಾಷ್ಟ್ರೀಯ ಸಪ್ತಾಹ ಮತ್ತು ರಾಜ್ಯ ಸ್ಥಾಪನೆಯ ದಿನ, ಅಂದರೆ ನಮ್ಮಲ್ಲಿ ನವೆಂಬರ್ 1ರಂದು, ರಾಜ್ಯಪಾಲರು ಊರಿನಲ್ಲಿರಲಿ ಬಿಡಲಿ, ಧ್ವಜ ಹಾರುತ್ತದೆ. ಹುದ್ದೆಯಲ್ಲಿರುವಾಗಲೇ ರಾಜ್ಯಪಾಲರು ನಿಧನರಾದರೆ ಆ ರಾಜ್ಯದಾದ್ಯಂತ ಧ್ವಜವನ್ನು ಅರ್ಧಕ್ಕೆ ಇಳಿಸಲಾಗುತ್ತದೆ.

ಕಾರಿನ ಮೇಲೆ

ಕಾರಿನ ಬಾವುಟಕ್ಕೆ ನಿಗದಿಯಾದ ಅಳತೆ 225 ಮಿಲಿಮೀಟರ್ ಉದ್ದ, 150 ಮಿಲಿಮೀಟರ್ ಅಗಲ. ಬಾನೆಟ್ಟಿನ ಮುಂಭಾಗದ ನಡುವೆ ಇಲ್ಲವೇ ಮುಂದಿನ ಬಲಬದಿಯಲ್ಲಿ ಬಿಗಿಯಾಗಿ ಕೂರಿಸಿದ ಕಡ್ಡಿಗೇ ಅದನ್ನು ಕಟ್ಟಬೇಕು. ವಾಹನದ ಮೇಲೆ ಹೊದಿಸುವಂತಿಲ್ಲ.

ಯಲಹಂಕದ ವಾಯುನೆಲೆಯಲ್ಲಿ 1996ರಿಂದ ನಡೆಯುತ್ತಿರುವ ಏರೋ ಇಂಡಿಯಾ ವೈಮಾನಿಕ ಪ್ರದರ್ಶನಕ್ಕೆ ಹೊರದೇಶದ ಸಚಿವರು, ಸೇನಾ ಮುಖ್ಯಸ್ಥರು ಬರುತ್ತಾರೆ. ಇಂಥ ವಿದೇಶಿ ಗಣ್ಯರು ಸರ್ಕಾರ ಒದಗಿಸಿದ ಕಾರಿನಲ್ಲಿ ಹೋಗುವಾಗ ಬಲಕ್ಕೆ ನಮ್ಮ ಧ್ವಜ, ಎಡಕ್ಕೆ ಅವರ ದೇಶದ ಧ್ವಜ ಇರಬೇಕೆಂಬುದು ನಿಯಮ.

ಯಾರಿಗೆ ಹಕ್ಕು?

ರಾಷ್ಟ್ರಪತಿ, ಉಪರಾಷ್ಟ್ರಪತಿ, ರಾಜ್ಯಪಾಲರು, ಪ್ರಧಾನಿ, ಮುಖ್ಯಮಂತ್ರಿ, ಕೇಂದ್ರ ಮತ್ತು ರಾಜ್ಯಗಳ ಸಚಿವರು, ವಿಧಾನಸಭೆಯ ಸ್ಪೀಕರ್, ವಿಧಾನ ಪರಿಷತ್ತಿನ ಸಭಾಪತಿ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಮೂರ್ತಿಗಳು ಮೊದಲಾದವರಿಗಷ್ಟೇ ಕಾರಿನ ಮೇಲೆ ರಾಷ್ಟ್ರಧ್ವಜ ಹಾರಿಸುವ ಅಧಿಕಾರವಿದೆ. ಶಾಸಕರು, ಸಂಸದರು ಕೇವಲ ಆ ಸ್ಥಾನದ ಬಲದಿಂದ ಹಾರಿಸುವಂತಿಲ್ಲ. ಗೌರವದಿಂದ ಧ್ವಜ ಹಾರಿಸುವುದು ನಾಗರಿಕನ ಮೂಲಭೂತ ಹಕ್ಕೆಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ನಂತರವೂ ಸಂಹಿತೆಯ ಈ ಪಟ್ಟಿ ಉಳಿದಿದೆ. ರಾಜ್ಯೋತ್ಸವದಂದು ಯಶವಂತಪುರದ ಆಟೋಗಳಲ್ಲಿ ಕಾಣುವ ಹಳದಿ–ಕೆಂಪು ಬಾವುಟದ ಲೆಕ್ಕವೇ ಬೇರೆ. ಮ. ರಾಮಮೂರ್ತಿಯವರು ರೂಪಿಸಿದ ಆ ಧ್ವಜ ಕನ್ನಡಿಗರದು, ಯಾವ ಹುದ್ದೆಯದೂ ಅಲ್ಲ.

2017ರ ಮೇ 1ರಿಂದ ಗಣ್ಯರ ಕಾರುಗಳ ಕೆಂಪುದೀಪ ಹೋಯಿತು. ಒಳಗೆ ಕುಳಿತವರ ಪದವಿಯನ್ನು ದಾರಿಹೋಕರಿಗೆ ತಿಳಿಸುವ ಕೆಲಸ ಈಗ ಹೆಚ್ಚಾಗಿ ಬಾವುಟದ್ದೇ.

ತಯಾರಿ

ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡದಂತೆ ಖಾದಿ ರಾಷ್ಟ್ರಧ್ವಜ ತಯಾರಿಸುವ ಹುಬ್ಬಳ್ಳಿ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಸ್ಥಾಪನೆಯಾದದ್ದು. ಧ್ವಜದ ಖಾದಿ ನೇಯುವುದಕ್ಕೆ ಧಾರವಾಡ ಜಿಲ್ಲೆಯ ಗರಗ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಹೆಸರಾಗಿವೆ. ಬಾವುಟದ ಮೇಲೆ ಹುದ್ದೆಯ ಹೆಸರಾಗಲಿ ರಾಜ್ಯದ ಮುದ್ರೆಯಾಗಲಿ ಇರದ ಕಾರಣ ರಾಜ್ಯಪಾಲರು ಬದಲಾದಾಗ ಹೊಸದನ್ನು ಹೊಲಿಸಬೇಕಿಲ್ಲ; ಹಿಂದಿನವರ ಕಾರಿನಲ್ಲಿದ್ದ ಧ್ವಜವೇ ಮುಂದಿನವರಿಗೂ ಸಲ್ಲುತ್ತದೆ.